ಪುಣೆಯಿಂದ ಬೆಟ್ಟಕ್ಕೆ: ಕಡಿಮೆ ದುಡ್ಡಿನಲ್ಲಿ ಹಗುರವಾದ, ಗಟ್ಟಿಯಾದ ಟೆಂಟ್ ಆರಿಸುವುದು ಹೇಗೆ?

ನನ್ನ ಮೊದಲ ಟೆಂಟಿಗೆ ಕೊಟ್ಟಿದ್ದು 1,400 ರೂಪಾಯಿ. ಚೀಲದ ಮೇಲೆ 'ಮೂರು ಜನರಿಗೆ, ವಾಟರ್‌ಪ್ರೂಫ್' ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಜನವರಿಯ ಒಂದು ಶನಿವಾರ ಅದನ್ನು ಹೊತ್ತುಕೊಂಡು ನಾನು ಮತ್ತು ಹುಬ್ಬಳ್ಳಿಯ ಗೆಳೆಯ ಪಾಚನೈ ಹಳ್ಳಿಯಿಂದ ಹರಿಶ್ಚಂದ್ರಗಡ ಕೋಟೆ ಹತ್ತಿದೆವು. ಅಲ್ಲಿನ ಕಡಿದಾದ ಪ್ರಪಾತದ ಅಂಚು ಕೋಕಣಕಡಾದಿಂದ ಸ್ವಲ್ಪ ಹಿಂದೆ ಟೆಂಟ್ ಹಾಕಿದೆವು. ಅಲ್ಲಿ ಝುಣಕ ಭಾಕರಿ ಮಾಡಿಕೊಡುವ ಗುಡಿಸಲಿನ ಅಜ್ಜ ನಮ್ಮ ಟೆಂಟನ್ನು ಒಮ್ಮೆ ನೋಡಿ, "ದಾದಾ, ಆಜ್ ವಾರಾ ಫಾರ್ ಆಹೇ" ಅಂದರು. ಇವತ್ತು ಗಾಳಿ ಜೋರಿದೆ ಅಂತ. ಮಳೆಗಾಲ ಮುಗಿದು ಮೂರು ತಿಂಗಳಾಗಿದೆ, ಇನ್ನೇನು ಭಯ ಅಂದುಕೊಂಡು ಮಲಗಿದೆವು.

ರಾತ್ರಿ ಹನ್ನೊಂದರ ಸುಮಾರಿಗೆ 'ಟಪ್' ಅಂತ ಶಬ್ದ ಬಂತು. ಫೈಬರ್‌ಗ್ಲಾಸ್ ಕಂಬಿ ಉದ್ದುದ್ದ ಸೀಳಿತ್ತು. ಅದರ ಚೂಪು ತುದಿ ಮೇಲಿನ ಬಟ್ಟೆಯನ್ನು ಹರಿದು ಹೊರಗೆ ಬಂದಿತ್ತು. ಸ್ಲೀಪಿಂಗ್ ಬ್ಯಾಗಿನೊಳಗಿಂದಲೇ ಗೆಳೆಯ ಕೇಳಿದ: "ಏನಲೇ, ಟೆಂಟ್ ತಂದೀಯೋ ಛತ್ರಿ ತಂದೀಯೋ?" ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಮ್ಮ ಟೆಂಟ್ ಆ ಮಾತನ್ನು ಸ್ವಲ್ಪ ಜಾಸ್ತಿಯೇ ನಂಬಿತ್ತು. ಉಳಿದ ರಾತ್ರಿ ಅಜ್ಜನ ಗುಡಿಸಲಿನಲ್ಲೇ ಕಳೆಯಿತು.

ಆ ರಾತ್ರಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ನಾನು ಕೊಳ್ಳುವಾಗ ನೋಡಿದ್ದು ಮಳೆ ತಡೆಯುತ್ತದೋ ಇಲ್ಲವೋ ಅಂತ ಮಾತ್ರ. ಆದರೆ ನಮ್ಮ ಸಹ್ಯಾದ್ರಿಯಲ್ಲಿ ಟೆಂಟ್ ಮುರಿಯುವುದು ಗಾಳಿಗೆ, ಒದ್ದೆಯಾಗುವುದು ಇಬ್ಬನಿಗೆ. ಆಮೇಲೆ ಎರಡು ಟೆಂಟ್ ಕೊಂಡಿದ್ದೇನೆ, ನಾಲ್ಕಾರು ಬಾಡಿಗೆ ತಂದಿದ್ದೇನೆ. ನಾಲ್ಕರಿಂದ ಎಂಟು ಸಾವಿರದೊಳಗೆ ಒಳ್ಳೆಯ ಟೆಂಟ್ ಹುಡುಕುವ ಪುಣೆ, ಮುಂಬೈಯ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಅಂಗಡಿ

ಪುಣೆ ಊರಿನಲ್ಲಿ ವರ್ಷಕ್ಕೆ ಸುಮಾರು 700 ಮಿಮೀ ಮಳೆ. ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಮಹಾಬಳೇಶ್ವರದಲ್ಲಿ 5,000 ಮಿಮೀಗಿಂತ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೆತ್ತಿಯ ಮೇಲೆ ಬೀಳುವ ಆ ಮಳೆಗೆ ನಮ್ಮ ಬಜೆಟ್ಟಿನ ಯಾವ ಟೆಂಟೂ ನೆಮ್ಮದಿಯ ನಿದ್ದೆ ಕೊಡುವುದಿಲ್ಲ. ಆಗ ಹಳ್ಳಿಯ ಮನೆಯಲ್ಲಿ ತಂಗಿ. ಬಿಸಿ ಭಾಕರಿಯೂ ಸಿಗುತ್ತದೆ, ಊರಿನವರಿಗೂ ನಾಲ್ಕು ಕಾಸು.

ಅಂದರೆ ನಿಮ್ಮ ಟೆಂಟಿಗೆ ಕೆಲಸ ಇರುವುದು ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ. ಚಳಿಗಾಲದಲ್ಲಿ ಇಬ್ಬನಿ ಮತ್ತು ಗಾಳಿ. ಮೇ ತಿಂಗಳಲ್ಲಿ ಮಿಂಚುಹುಳ ನೋಡಲು ಭಂಡಾರದರಾ ಕಡೆ ಹೋದರೆ ಒಂದೆರಡು ಗುಡುಗು ಮಳೆ. ಇಷ್ಟು ತಡೆದರೆ ಸಾಕು. 'ಫೋರ್ ಸೀಸನ್' ಟೆಂಟ್ ಅಂತ ಯಾರಾದರೂ ಹೊಗಳಿದರೆ ಮರುಳಾಗಬೇಡಿ. ಅದು ಹಿಮದ ಭಾರ ಹೊರುವುದಕ್ಕೆ ಮಾಡಿದ್ದು. ಭಾರ ಜಾಸ್ತಿ, ಒಳಗೆ ಸೆಕೆ, ಬೆಲೆಯೂ ಜಾಸ್ತಿ. 'ತ್ರೀ ಸೀಸನ್' ನಮಗೆ ಸರಿ. ಹಿಮಾಲಯದ ಚಾರಣಕ್ಕೂ ಬೇಕಲ್ವಾ ಅಂತೀರಾ? ತಂಡದ ಜೊತೆ ಹೋದರೆ ಸಾಮಾನ್ಯವಾಗಿ ಅವರೇ ಟೆಂಟ್ ಕೊಡುತ್ತಾರೆ.

ವರ್ಷಕ್ಕೆ ಎಷ್ಟು ರಾತ್ರಿ ಹೊರಗೆ ಮಲಗುತ್ತೀರಿ ಅಂತಲೂ ಲೆಕ್ಕ ಹಾಕಿ. ಎರಡೇ ರಾತ್ರಿ ಅಂದರೆ ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ. ಐದಾರು ದಾಟಿದರೆ ಸ್ವಂತದ್ದು ಲಾಭ. ಕೊಳ್ಳುವವರೂ ಒಮ್ಮೆ ಬಾಡಿಗೆ ಟೆಂಟಿನಲ್ಲಿ ಮಲಗಿ ನೋಡಿ. ನಿಮಗೆ ಏನು ಬೇಕು ಅನ್ನುವುದು ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ತೂಕ: ನೀರಿನ ಲೆಕ್ಕದಿಂದ ಶುರುಮಾಡಿ

ಫೆಬ್ರವರಿ ದಾಟಿತೆಂದರೆ ಕೋಟೆಗಳ ಮೇಲಿನ ಎಷ್ಟೋ ನೀರಿನ ತೊಟ್ಟಿಗಳು ಬತ್ತುತ್ತವೆ. ಒಬ್ಬರು ಮೂರು ನಾಲ್ಕು ಲೀಟರ್ ನೀರು ಹೊರಲೇಬೇಕು. ಅಲ್ಲಿಗೇ ನಾಲ್ಕು ಕೆಜಿ. ಅದರ ಮೇಲೆ ನಾಲ್ಕು ಕೆಜಿಯ ಟೆಂಟ್ ಹೇರಿದರೆ 1,646 ಮೀಟರಿನ ಕಳಸೂಬಾಯಿಯ ಕಬ್ಬಿಣದ ಏಣಿಗಳ ಮೇಲೆ ಮೊಣಕಾಲು ಉತ್ತರ ಕೊಡುತ್ತದೆ.

ನಾನು ಇಟ್ಟುಕೊಂಡ ಮಿತಿ ಇದು: ಇಬ್ಬರ ಟೆಂಟ್ ಎರಡೂವರೆ ಕೆಜಿ ದಾಟಬಾರದು. ಕಂಬಿ, ಗೂಟ ಒಬ್ಬರ ಚೀಲಕ್ಕೆ, ಬಟ್ಟೆ ಇನ್ನೊಬ್ಬರ ಚೀಲಕ್ಕೆ. ತಲೆಗೆ ಒಂದೂಕಾಲು ಕೆಜಿ, ಏನೂ ಅನ್ನಿಸುವುದಿಲ್ಲ. ಒಬ್ಬರೇ ಓಡಾಡುವವರು ಎರಡು ಕೆಜಿಯೊಳಗಿನದನ್ನು ಹುಡುಕಿ.

ಒಂದು ಎಚ್ಚರ. ಜಾಹೀರಾತಿನಲ್ಲಿ ಎರಡು ಬಗೆಯ ತೂಕ ಇರುತ್ತದೆ. ಒಂದು ಟೆಂಟಿನ ಒಳಭಾಗ, ಹೊರಹೊದಿಕೆ, ಕಂಬಿ ಮಾತ್ರ ಸೇರಿಸಿದ್ದು. ಇನ್ನೊಂದು ಗೂಟ, ಹಗ್ಗ, ಚೀಲ ಎಲ್ಲ ಸೇರಿದ್ದು. ದೊಡ್ಡಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯದು. ಬೆನ್ನಿಗೆ ಬೀಳುವುದು ಎರಡನೆಯದು. ನಾನಂತೂ ಟೆಂಟ್ ಮನೆಗೆ ಬಂದ ದಿನವೇ ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸುತ್ತೇನೆ. ಅಂಗಡಿಯವರು ಮೊದಲ ಸಲ ನಕ್ಕರು, ಈಗ ಅವರೇ ಕೇಳುತ್ತಾರೆ, "ಈ ಸಲ ಎಷ್ಟು ಕಿಲೋ ಇಳಿಸಿದಿರಿ?" ಅಂತ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟುಗಳು ಬರುತ್ತವಲ್ಲ, ಅವು ಪವನಾ ಕೆರೆಯ ದಂಡೆಗೆ ಕಾರಿನಲ್ಲಿ ಹೋಗುವವರಿಗೆ ಚೆಂದ. ಮಡಚಿದರೆ ದೊಡ್ಡ ತಟ್ಟೆಯ ಹಾಗೆ ಆಗುತ್ತದೆ. ಸ್ವಾರಗೇಟಿನಿಂದ ವೇಲ್ಹೆಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಅದನ್ನು ಹಿಡಿದು ನಿಂತು ನೋಡಿ, ಗೊತ್ತಾಗುತ್ತದೆ.

ಎಷ್ಟು ದೊಡ್ಡದು?

ಇಬ್ಬರ ಟೆಂಟ್ ಅಂದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಅಂತ ಅರ್ಥ, ಅಷ್ಟೇ. ಸಾಮಾನು ಹೊರಗೆ. ಅಗಲ 130 ಸೆಂಟಿಮೀಟರ್ ಆಸುಪಾಸು ಇದ್ದರೆ ಎರಡು ಚಾಪೆ ಹಿಡಿಸುತ್ತವೆ. ಗೆಳೆಯರಿಬ್ಬರಿಗೆ ಸಾಕು. ಮಗು ಜೊತೆಗಿದ್ದರೆ ಮೂವರದ್ದು ನೋಡಿ.

ಉದ್ದದ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಗೋಡೆ ಇಳಿಜಾರಾಗಿ ಇರುತ್ತದಲ್ಲ, ಹಾಗಾಗಿ ತಳದ ಉದ್ದ ಪೂರ್ತಿ ಬಳಕೆಗೆ ಬರುವುದಿಲ್ಲ. ಆರಡಿ ಎತ್ತರದವರಿಗೆ ತಳ ಕನಿಷ್ಠ 210 ಸೆಂಟಿಮೀಟರ್ ಬೇಕು. ಇಲ್ಲದಿದ್ದರೆ ಪಾದ ಒದ್ದೆ ಬಟ್ಟೆಗೆ ತಾಗಿ ಬೆಳಗ್ಗೆ ಸ್ಲೀಪಿಂಗ್ ಬ್ಯಾಗಿನ ತುದಿ ನೆನೆದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಬಾಗಿಲ ಮುಂದೆ ಶೂ, ಚೀಲ ಇಡಲು ಹೊರಹೊದಿಕೆಯ ಕೆಳಗೆ ಒಂದಿಷ್ಟು ಜಗುಲಿಯಂತಹ ಜಾಗ ಇದ್ದರೆ ಅದನ್ನೇ ಆರಿಸಿ.

ಕಂಬಿ: ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ

ಅಗ್ಗದ ಟೆಂಟುಗಳಲ್ಲಿ ಫೈಬರ್‌ಗ್ಲಾಸ್ ಕಂಬಿ, ಸ್ವಲ್ಪ ಮೇಲಿನವುಗಳಲ್ಲಿ ಅಲ್ಯೂಮಿನಿಯಂ ಕಂಬಿ ಇರುತ್ತದೆ. ಅಷ್ಟೇ ಬಲಕ್ಕೆ ಫೈಬರ್‌ಗ್ಲಾಸ್ ಹೆಚ್ಚು ಭಾರ. ಮುರಿದರೆ ಬಿದಿರಿನ ಹಾಗೆ ಸೀಳುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ, ಬಟ್ಟೆ ಹರಿಯುತ್ತದೆ. ನನ್ನ ಕಥೆ ಕೇಳಿದಿರಲ್ಲ. ಅಲ್ಯೂಮಿನಿಯಂ ಸಾಮಾನ್ಯವಾಗಿ ಮೊದಲು ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿ ಆ ರಾತ್ರಿ ಹೇಗೋ ಸಾಗಿಸಬಹುದು.

ಟೆಂಟಿನ ವಿವರದ ಪಟ್ಟಿಯಲ್ಲಿ '7001' ಅಥವಾ '7075' ಅಂತ ಇದ್ದರೆ ಅದು ಅಲ್ಯೂಮಿನಿಯಂ ಮಿಶ್ರಲೋಹದ ಗುರುತು. ಎರಡೂ ಒಳ್ಳೆಯವೇ. ಸುಮ್ನೆ 'ಅಲಾಯ್' ಅಂತಷ್ಟೇ ಬರೆದಿದ್ದರೆ ಅನುಮಾನ ಪಡಿ. ಅಂಗಡಿಯಲ್ಲಿ ಕಂಬಿ ಜೋಡಿಸಿ, ಒಂದು ತುಂಡು ಇನ್ನೊಂದರೊಳಗೆ ಪೂರ್ತಿ ಕೂರುತ್ತದಾ ನೋಡಿ. ಸಂದು ಉಳಿದರೆ ಗಾಳಿಗೆ ಅಲ್ಲೇ ಒಡೆಯುವುದು. ಒಳಗಿನ ಎಲಾಸ್ಟಿಕ್ ದಾರ ಬಿಗಿಯಾಗಿರಬೇಕು.

ನಿಮ್ಮ ಬಜೆಟ್ಟಿಗೆ ಫೈಬರ್‌ಗ್ಲಾಸೇ ಸಿಗುವುದಾದರೆ ಬೇಜಾರಾಗಬೇಡಿ. ತಗ್ಗಾದ, ಎರಡು ಕಂಬಿ ನಡುವೆ ಅಡ್ಡ ಹಾಯುವ ಗುಮ್ಮಟದ ಆಕಾರ ನೋಡಿ. ಟೆಂಟ್ ಎತ್ತರ ಇದ್ದಷ್ಟೂ ಗಾಳಿಗೆ ಹಾಯಿ ಆಗುತ್ತದೆ. ಕ್ರೀಡಾ ಸಾಮಾನಿನ ಅಂಗಡಿ ಡೆಕಾತ್ಲಾನಿನ ಕೆಚುವಾ ಎಂಎಚ್100 ಇಬ್ಬರದ್ದು ಈ ಜಾತಿಯದು. ತೂಕ ಸುಮಾರು ಎರಡೂವರೆ ಕೆಜಿ. ಪುಣೆಯ ಚಾರಣಿಗರಲ್ಲಿ ಬಹಳ ಜನರ ಮೊದಲ ಟೆಂಟ್ ಅದೇ. ಅಲ್ಯೂಮಿನಿಯಂ ಕಂಬಿ ಬೇಕು, ಎರಡು ಕೆಜಿಯೊಳಗೆ ಬೇಕು ಅನ್ನುವವರು ನೇಚರ್‌ಹೈಕ್ ಕಂಪನಿಯ ಕ್ಲೌಡ್ ಅಪ್ ಸಾಲಿನ ಟೆಂಟುಗಳನ್ನು ನೋಡುತ್ತಾರೆ. ಎರಡಕ್ಕೂ ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ವಾರ ನೋಡಿಕೊಳ್ಳಿ.

ಬಟ್ಟೆಯ ಮೇಲಿನ ಅಂಕಿಗಳು

ಇಲ್ಲೇ ಎಲ್ಲರಿಗೂ ತಲೆ ಕೆಡುವುದು. ಮೂರು ಅಂಕಿ ಇರುತ್ತವೆ.

'ಮಿಮೀ' ಅಂತ ಇರುವುದು ನೀರು ತಡೆಯುವ ಶಕ್ತಿ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋಗುತ್ತಾರೆ. ಎಷ್ಟು ಎತ್ತರಕ್ಕೆ ಬಂದಾಗ ಹನಿ ಕೆಳಗೆ ಜಿನುಗುತ್ತದೋ ಅದೇ ಆ ಅಂಕಿ. ಹೊರಹೊದಿಕೆಗೆ 1,500ರಿಂದ 2,000 ಸಾಕು. ತಳಕ್ಕೆ ಜಾಸ್ತಿ ಬೇಕು, ಯಾಕೆಂದರೆ ಒದ್ದೆ ನೆಲದ ಮೇಲೆ ನೀವು ಮೊಣಕಾಲೂರಿ ಕೂತಾಗ ಒತ್ತಡ ಅಲ್ಲೇ ಬೀಳುವುದು. ಅಲ್ಲಿ 3,000 ಇರಲಿ. 5,000, 8,000 ಅಂತ ಬರೆದು ದುಡ್ಡು ಕೇಳಿದರೆ ನಮಗೆ ಬೇಡ.

'ಡಿ' ಅಂದರೆ ಡೆನಿಯರ್. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 20ಡಿ ಅಂದರೆ ತೀರಾ ಸಣ್ಣ ನೂಲು, ಹಗುರ, ಆದರೆ ಕಾರೆ ಮುಳ್ಳಿಗೆ ಸಿಕ್ಕರೆ ಕತೆ ಮುಗಿಯಿತು. 70ಡಿ ದಪ್ಪ, ಭಾರ, ಗಟ್ಟಿ. ಹೊದಿಕೆ ತೆಳ್ಳಗಿದ್ದರೂ ತಳ ಸ್ವಲ್ಪ ದಪ್ಪ ಇರಲಿ.

'ಟಿ' ಅಂದರೆ ಒಂದು ಚದರ ಇಂಚಿನಲ್ಲಿ ಉದ್ದ, ಅಡ್ಡ ಸೇರಿ ಎಷ್ಟು ಎಳೆ ಇವೆ ಅಂತ. 190ಟಿ, 210ಟಿ ಅಂತ ಕಾಣುತ್ತದೆ. ಅಂಗಡಿಯವರು ಇದನ್ನೇ ಜೋರಾಗಿ ಹೇಳುತ್ತಾರೆ. ನೂಲಿನ ದಪ್ಪ ಗೊತ್ತಿಲ್ಲದೆ ಇದೊಂದರಿಂದ ಏನೂ ತಿಳಿಯುವುದಿಲ್ಲ.

ನೈಲಾನ್ ಒಳ್ಳೆಯದಾ, ಪಾಲಿಯೆಸ್ಟರಾ? ತೂಕಕ್ಕೆ ಹೋಲಿಸಿದರೆ ನೈಲಾನ್ ಗಟ್ಟಿ. ಆದರೆ ಒದ್ದೆಯಾದರೆ ಹಿಗ್ಗುತ್ತದೆ. ರಾತ್ರಿ ಬಿಗಿಯಾಗಿ ಕಟ್ಟಿದ್ದು ಬೆಳಗಿನ ಇಬ್ಬನಿಗೆ ಜೋತುಬಿದ್ದಿರುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ, ಅಗ್ಗ ಕೂಡ. ನಮ್ಮ ಬೆಟ್ಟ, ನಮ್ಮ ಜೇಬು ಎರಡಕ್ಕೂ ಪಾಲಿಯೆಸ್ಟರ್ ಅಂತ ನನ್ನ ಓಟು.

ಎರಡು ಪದರ, ಪೂರ್ತಿ ಹೊದಿಕೆ

ಮಲಗಿದ ಒಬ್ಬ ಮನುಷ್ಯನ ಉಸಿರಿನಿಂದ ರಾತ್ರಿಯಿಡೀ ಹೊರಬರುವ ನೀರು ಒಂದು ಲೋಟದಷ್ಟು ಆಗುತ್ತದೆ. ಆ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಬೆಳಗ್ಗೆ 'ಟೆಂಟ್ ಸೋರಿತು' ಅಂತ ಬೈಯುವವರಲ್ಲಿ ಅರ್ಧ ಜನರಿಗೆ ಸೋರಿದ್ದು ಅವರದೇ ಉಸಿರು. ಒಂದೇ ಪದರದ ಟೆಂಟಿನಲ್ಲಿ ಇದು ನೇರ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಒಳಗೆ ಸೊಳ್ಳೆಪರದೆಯಂತಹ ಬಲೆ, ಹೊರಗೆ ಬೇರೆ ಹೊದಿಕೆ, ನಡುವೆ ಗಾಳಿಯಾಡಲು ಜಾಗ ಇದ್ದರೆ ಹನಿ ಹೊರಹೊದಿಕೆಯ ಮೇಲೇ ಜಾರಿಹೋಗುತ್ತದೆ.

ಹೊದಿಕೆ ನೆಲದ ಹತ್ತಿರದವರೆಗೆ ಇಳಿದಿರಬೇಕು. ನನ್ನ ಮೊದಲ ಟೆಂಟಿಗೆ ಇದ್ದದ್ದು ಮೇಲೆ ಒಂದು ಟೋಪಿ ಮಾತ್ರ. ಅಂಥದ್ದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೆಟ್ಟಕ್ಕೆ ಒಯ್ಯಬೇಡಿ.

ನಮ್ಮ ಕಲ್ಲಿಗೆ ಯಾವ ಆಕಾರ?

ಇಂಟರ್ನೆಟ್ಟಿನಲ್ಲಿ ಅಮೆರಿಕದವರು ನಡೆಗೋಲಿನಿಂದಲೇ ಎತ್ತಿ ನಿಲ್ಲಿಸುವ ಒಂದು ಕೆಜಿಯೊಳಗಿನ ಟೆಂಟ್ ತೋರಿಸುತ್ತಾರೆ. ಆಸೆ ಆಗುವುದು ಸಹಜ. ಆದರೆ ಅದು ನಿಲ್ಲುವುದೇ ಗೂಟಗಳ ಮೇಲೆ. ಮಹಾರಾಷ್ಟ್ರದ ಸಹ್ಯಾದ್ರಿ ಅಂದರೆ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್ ಕಲ್ಲು. ಎಷ್ಟೋ ಕಡೆ ನಾಲ್ಕು ಬೆರಳು ಮಣ್ಣು, ಕೆಳಗೆ ಬಂಡೆ. ಗೂಟ ಇಳಿಯುವುದೇ ಇಲ್ಲ. ಹಾಗಾಗಿ ಕಂಬಿ ಹಾಕಿದ ಕೂಡಲೇ ತಾನಾಗಿ ನಿಲ್ಲುವ ಟೆಂಟ್ ನಮಗೆ ಸಲೀಸು. ಜಾಗ ಸರಿಯಿಲ್ಲ ಅನ್ನಿಸಿದರೆ ಹಾಗೇ ಎತ್ತಿಕೊಂಡು ಪಕ್ಕಕ್ಕೆ ಇಡಬಹುದು. ಮೊದಲು ಹೇಳಿದ ಕ್ಲೌಡ್ ಅಪ್ ಪೂರ್ತಿ ತಾನಾಗಿ ನಿಲ್ಲುವುದಲ್ಲ, ಒಂದು ಕಡೆಯ ಮೂಲೆಗಳನ್ನು ಎಳೆದು ಕಟ್ಟಬೇಕಾಗುತ್ತದೆ. ಕೊಳ್ಳುವವರು ಇದನ್ನು ತಿಳಿದಿರಿ.

ತಾನಾಗಿ ನಿಂತರೂ ಕಟ್ಟದೆ ಬಿಡಬೇಡಿ. ಖಾಲಿ ಟೆಂಟ್ ಗಾಳಿಗೆ ಗಾಳಿಪಟ. ಗೂಟ ಇಳಿಯದ ಕಡೆ ಹಗ್ಗವನ್ನು ಒಂದು ಸಣ್ಣ ಕಲ್ಲಿಗೆ ಸುತ್ತಿ ಕಟ್ಟಿ, ಆ ಕಲ್ಲಿನ ಮುಂದೆ, ಹಗ್ಗದ ಮೇಲೆ, ದೊಡ್ಡ ಕಲ್ಲು ಹೇರಿ. ಸಣ್ಣದು ಎಳೆದರೆ ದೊಡ್ಡದು ತಡೆಯುತ್ತದೆ. ಕೆಲಸ ಮುಗಿದ ಮೇಲೆ ಕಲ್ಲು ಚೆಲ್ಲಿಬಿಡಿ. ಕೋಟೆಯ ಗೋಡೆಯ ಕಲ್ಲು ಮಾತ್ರ ಕೀಳಬೇಡಿ, ದಯವಿಟ್ಟು.

ಅಂಗಡಿಯಲ್ಲಿ ನಿಂತು

ಸಾಧ್ಯವಾದರೆ ಬಿಚ್ಚಿ ನಿಲ್ಲಿಸಿದ ಟೆಂಟಿನೊಳಗೆ ಹೋಗಿ ಮಲಗಿ. ನಾಚಿಕೆ ಬೇಡ. ವಾಘೋಲಿಯ ದೊಡ್ಡ ಅಂಗಡಿಯಲ್ಲಿ ನಾನು ಹತ್ತು ನಿಮಿಷ ಮಲಗಿದ್ದೆ, ಯಾರೂ ಎಬ್ಬಿಸಲಿಲ್ಲ. ಝಿಪ್ಪನ್ನು ಒಂದೇ ಕೈಯಲ್ಲಿ ಹತ್ತು ಸಲ ಎಳೆಯಿರಿ. ಬಾಗುವ ಮೂಲೆಯಲ್ಲಿ ಬಟ್ಟೆ ಕಚ್ಚಿಕೊಂಡರೆ ಕತ್ತಲಲ್ಲಿ ದಿನಾ ಕಚ್ಚುತ್ತದೆ. ಹೊರಹೊದಿಕೆಯ ಹೊಲಿಗೆಯ ಒಳಬದಿಗೆ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಹೊಲಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಸೂಜಿ ತೂತುಗಳಿಂದ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಅಲ್ಲಿಂದ ನೀರೂ ಬರುತ್ತದೆ. ಹಗ್ಗ ಕಟ್ಟುವ ಕುಣಿಕೆಗಳನ್ನು ಬಲವಾಗಿ ಜಗ್ಗಿ ನೋಡಿ, ಅಲ್ಲಿ ಎರಡೆರಡು ಹೊಲಿಗೆ ಇರಬೇಕು. ಆನ್‌ಲೈನಿನಲ್ಲಿ ಕೊಂಡರೆ ವಾಪಸ್ ಕೊಡುವ ದಿನ ಮುಗಿಯುವುದರೊಳಗೆ ಇದನ್ನೆಲ್ಲ ಮನೆಯಲ್ಲಿ ಮಾಡಿ.

ಉಳಿಸಿದ ದುಡ್ಡಿನಲ್ಲಿ ಒಂದಿಷ್ಟು ರಿಪೇರಿ

ಎಂಟು ಸಾವಿರ ಇದ್ದರೆ ಪೂರ್ತಿ ಟೆಂಟಿಗೇ ಸುರಿಯಬೇಡಿ. ಅಗ್ಗದ ಟೆಂಟಿನ ಜೊತೆ ಬರುವ ತಂತಿ ಗೂಟ ಮೊದಲ ಕಲ್ಲಿಗೇ ಬಾಗುತ್ತದೆ. ಅದನ್ನು ಎಸೆದು ಗಟ್ಟಿ ಅಲ್ಯೂಮಿನಿಯಂ ಗೂಟ ಎಂಟು ಹತ್ತು ಕೊಳ್ಳಿ. ರವಿವಾರ ಪೇಠದ ಬೋಹರಿ ಆಳಿಯಲ್ಲಿ ಸಣ್ಣ ನೈಲಾನ್ ಹಗ್ಗ ಸಿಗುತ್ತದೆ, ಹತ್ತು ಮೀಟರ್ ತನ್ನಿ. ಅಲ್ಲೇ ತೆಳು ತಾಡಪತ್ರಿ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಬೆರಳು ಚಿಕ್ಕದಾಗಿ ಕತ್ತರಿಸಿ. ಕೆಳಗೆ ಹಾಸಿದರೆ ತಳಕ್ಕೆ ಮುಳ್ಳು, ಹರಳು ತಾಗುವುದಿಲ್ಲ. ದೊಡ್ಡದಾಗಿ ಬಿಟ್ಟರೆ ಮಳೆ ನೀರು ಅದರ ಮೇಲೆ ನಿಂತು ಟೆಂಟಿನ ಅಡಿಗೇ ಬರುತ್ತದೆ.

ಹೊಲಿಗೆಗೆ ಪಟ್ಟಿ ಇಲ್ಲದಿದ್ದರೆ ಸೂಜಿ ತೂತು ಮುಚ್ಚುವ ಅಂಟು, ಅಂದರೆ ಸೀಲರ್ ಹಚ್ಚಬಹುದು. ನೀರು ತಡೆಯಲು ಬಟ್ಟೆಗೆ ಬಳಿದ ಲೇಪ ಪಿಯು (ಪಾಲಿಯುರಿಥೇನ್) ಆದರೆ ಪಿಯು ಸೀಲರ್, ಸಿಲಿಕೋನ್ ಲೇಪಕ್ಕೆ ಸಿಲಿಕೋನ್. ಅದಲುಬದಲಾದರೆ ಒಣಗಿದ ಮೇಲೆ ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ. ಚೀಲದಲ್ಲಿ ಸದಾ ಇರಬೇಕಾದ್ದು: ಹತ್ತು ಸೆಂಟಿಮೀಟರಿನ ಒಂದು ಲೋಹದ ಕೊಳವೆ. ಕಂಬಿ ಮುರಿದ ಜಾಗಕ್ಕೆ ಅದನ್ನು ತೂರಿಸಿ ಟೇಪ್ ಸುತ್ತಿದರೆ ಬೆಳಗಿನವರೆಗೆ ನಿಲ್ಲುತ್ತದೆ. ಆ ಜನವರಿಯಲ್ಲಿ ನನ್ನ ಹತ್ತಿರ ಇದೊಂದು ಇದ್ದಿದ್ದರೆ ಗೆಳೆಯನ ಬೈಗುಳ ತಪ್ಪುತ್ತಿತ್ತು.

ಬೆಟ್ಟಕ್ಕೆ ಮೊದಲು ಟೆರೇಸಿಗೆ

ಸೊಸೈಟಿಯ ಟೆರೇಸಿನಲ್ಲಿ ಎರಡು ಸಲ ಹಾಕಿ ಬಿಚ್ಚಿ. ಎರಡನೆಯ ಸಲ ಕತ್ತಲಲ್ಲಿ, ಹಣೆಗೆ ಟಾರ್ಚ್ ಕಟ್ಟಿಕೊಂಡು. ಬಕೆಟ್ ನೀರು ಸುರಿದು ಒಳಗೆ ಕೂತು ನೋಡಿ. ನಮ್ಮ ವಾಚ್‌ಮನ್ ಒಮ್ಮೆ, ಮನೆಯಲ್ಲಿ ಜಗಳ ಆಯ್ತಾ ಅಂತ ಕನಿಕರದಿಂದ ಕೇಳಿದ್ದರು.

ಹೋಗುವ ಮೊದಲು ಅಲ್ಲಿ ರಾತ್ರಿ ತಂಗಲು ಬಿಡುತ್ತಾರಾ ಅಂತ ಬುಡದ ಹಳ್ಳಿಯವರನ್ನೂ ಅರಣ್ಯ ಇಲಾಖೆಯವರನ್ನೂ ಕೇಳಿ. ಹರಿಶ್ಚಂದ್ರಗಡ ಇರುವುದು ಅಭಯಾರಣ್ಯದೊಳಗೆ. ಟೆಂಟ್ ಹಾಕುವಾಗ ಕಡಾದ ಅಂಚು, ಒಣಗಿದ ಹಳ್ಳದ ಪಾತ್ರ ಎರಡೂ ಬೇಡ. ಚಿಕ್ಕ ತುದಿಯನ್ನು ಗಾಳಿ ಬರುವ ಕಡೆಗೆ ಮುಖ ಮಾಡಿಸಿ. ಟೆಂಟಿನೊಳಗೆ ಸ್ಟೌ ಹಚ್ಚಲೇಬೇಡಿ. ಬೆಂಕಿಯ ಭಯ ಒಂದು ಕಡೆ, ಕಣ್ಣಿಗೆ ಕಾಣದ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು ಕಡೆ. ತಿಂಡಿಯ ಪೊಟ್ಟಣ ಒಳಗಿಟ್ಟು ಮಲಗಿದರೆ ಇಲಿ ಬಾಗಿಲು ಹುಡುಕುವುದಿಲ್ಲ, ತಾನೇ ಮಾಡಿಕೊಳ್ಳುತ್ತದೆ.

ಭಾನುವಾರ ರಾತ್ರಿ ಸುಸ್ತಾಗಿ ಮನೆಗೆ ಬಂದು ಒದ್ದೆ ಟೆಂಟನ್ನು ಹಾಗೇ ಅಟ್ಟಕ್ಕೆ ಎಸೆಯುವವರೇ ಜಾಸ್ತಿ. ತೇವದಲ್ಲಿ ಪಿಯು ಲೇಪ ಕರಗುತ್ತಾ ಬಂದು ಬಟ್ಟೆ ಅಂಟಂಟಾಗುತ್ತದೆ, ಹುಳಿ ನಾತ ಹೊಡೆಯುತ್ತದೆ. ಆಮೇಲೆ ಅದು ರಿಪೇರಿಗೆ ಬರುವುದಿಲ್ಲ. ವಾಷಿಂಗ್ ಮಷೀನೂ ಬೇಡ. ತಣ್ಣೀರಿನಲ್ಲಿ ಸ್ಪಂಜಿನಿಂದ ಒರೆಸಿ, ಗ್ಯಾಲರಿಯ ನೆರಳಿನಲ್ಲಿ ಒಣಗಿಸಿ, ಝಿಪ್ಪಿನ ಹಲ್ಲಿಗೆ ಸಿಕ್ಕ ಮಣ್ಣನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಆ ಬಿಗಿ ಚೀಲಕ್ಕೆ ತುರುಕದೆ ಸಡಿಲವಾಗಿ ಹತ್ತಿ ಬಟ್ಟೆಯಲ್ಲಿ ಇಡಿ. ನನ್ನದು ಅಮ್ಮ ಧಾರವಾಡದಿಂದ ಕಳಿಸಿದ ಹಳೆ ಸೀರೆಯ ಗಂಟಿನಲ್ಲಿದೆ, ಆರನೆಯ ಮಳೆಗಾಲ ಕಳೆಯುತ್ತಿದೆ.